ಹನ್ನೊಂದು ಮಂದಿಯ ತಂಡ, ಹತ್ತೇ ಹೆಸರು

ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಒಂದು ತಂಡದ ಪರವಾಗಿ ಮೈದಾನಕ್ಕಿಳಿಯುವವರು 11 ಮಂದಿ. ಆದರೆ 1950ರಲ್ಲಿ, ಆ ದೇಶದ ಕಾಲೇಜು ಫುಟ್‌ಬಾಲಿನ ಅತ್ಯಂತ ಸಮಗ್ರ ದಾಖಲೆ ಎಂದು ಹೇಳಿಕೊಂಡು ಹೊರಬಂದ ಗ್ರಂಥವೊಂದರಲ್ಲಿ 1918ನೇ ವರ್ಷದ ರಾಷ್ಟ್ರದ ಅತ್ಯುತ್ತಮ ತಂಡದ ಪಟ್ಟಿ ನೋಡಿದರೆ ಅಲ್ಲಿ ಇದ್ದದ್ದು ಹತ್ತೇ ಹೆಸರು. ಹನ್ನೊಂದನೆಯವನು ಎಲ್ಲಿ ಹೋದ?

ಆ ಹನ್ನೊಂದನೆಯವನ ಹೆಸರು ಪಾಲ್ ರೋಬ್ಸನ್. ಜಗತ್ತಿನ ದೊಡ್ಡ ಗಾಯಕರಲ್ಲಿ, ನಟರಲ್ಲಿ ಒಬ್ಬನೆಂದು ನಮ್ಮಲ್ಲೂ ಹಲವರಿಗೆ ಆತ ಗೊತ್ತು. ಆದರೆ ಹಾಡುವುದಕ್ಕೆ ಮೊದಲು ಆತ ತನ್ನ ದೇಶದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರರಲ್ಲಿ ಒಬ್ಬನಾಗಿದ್ದ ಎಂಬುದು ಅಷ್ಟಾಗಿ ಗೊತ್ತಿಲ್ಲ. ಗೊತ್ತಾಗದಿರಲು ಕಾರಣವೂ ಇದೆ. ಆ ಕಾರಣವನ್ನು ಹುಡುಕುತ್ತಾ ಹೋದರೆ ಒಬ್ಬ ರೋಬ್ಸನ್ ಮಾತ್ರವಲ್ಲ, ಅಮೆರಿಕದ ಕಾಲೇಜು ಫುಟ್‌ಬಾಲಿನ ಕೀರ್ತಿಮಂದಿರದ ಬಾಗಿಲಲ್ಲಿ ಬಹುಕಾಲ ಕಾದವರ, ಇಂದಿಗೂ ಹೊರಗೇ ಉಳಿದವರ ಒಂದು ದೊಡ್ಡ ಸಾಲೇ ಕಾಣಸಿಗುತ್ತದೆ.

ಕಾಲೇಜು ಆಟಕ್ಕೇಕೆ ಇಷ್ಟು ಮಹತ್ವ?

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಲೋ, ಎಸೆಯುತ್ತಲೋ 100 ಗಜದ ಮೈದಾನದ ತುದಿಯನ್ನು ಮುಟ್ಟುವುದು ಇದರ ಗುರಿ. ನಾಲ್ಕು ಯತ್ನಗಳಲ್ಲಿ 10 ಗಜ ಮುಂದುವರಿಯಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಎಸೆದು ದಾಳಿಯನ್ನು ನಡೆಸುವ ನಾಯಕನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ನಮ್ಮ ಕಬಡ್ಡಿಯ ಹಾಗೆ ಮೈಗೆ ಮೈ ತಾಗಿಸಿ, ನೆಲಕ್ಕೆ ಕೆಡವಿ ಆಡುವ ಆಟ.

ಈ ಆಟ ಹುಟ್ಟಿದ್ದೇ ಕಾಲೇಜಿನಲ್ಲಿ. 1869ರ ನವೆಂಬರ್ 6ರಂದು ನ್ಯೂಜೆರ್ಸಿ ರಾಜ್ಯದಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಮೊದಲ ಪಂದ್ಯವೆಂದು ಲೆಕ್ಕ ಹಿಡಿಯುತ್ತಾರೆ. ರಟ್ಗರ್ಸ್ 6-4ರಿಂದ ಗೆದ್ದಿತ್ತು. ಹಣಕ್ಕಾಗಿ ಆಡುವ ವೃತ್ತಿಪರ ಲೀಗ್ ನೆಲೆಗೊಂಡದ್ದು ಅದಾದ ಅರ್ಧ ಶತಮಾನದ ನಂತರ. ಈಗಲೂ ಕಾಲೇಜು ಪಂದ್ಯಗಳಿಗೆ ಸೇರುವ ಜನಸಾಗರ ನೋಡಿದರೆ ನಂಬುವುದು ಕಷ್ಟ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕೂರಬಹುದು. ಊರಿಗೆ ಊರೇ ತನ್ನ ಕಾಲೇಜಿನ ಬಣ್ಣದ ಅಂಗಿ ತೊಟ್ಟು ಜಾತ್ರೆಗೆ ಹೊರಟಂತೆ ಹೊರಡುತ್ತದೆ.

ಹೀಗಾಗಿ ಅಲ್ಲಿ ಗೌರವಗಳೂ ಎರಡು ಬಗೆ. ವೃತ್ತಿಪರ ಆಟದ ಸಾಧಕರಿಗೆ ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ 1963ರಲ್ಲಿ ತೆರೆದ ಹಾಲ್ ಆಫ್ ಫೇಮ್ ಇದೆ. ಕಾಲೇಜು ಆಟದ ಸಾಧಕರಿಗೆ ಬೇರೆಯೇ ಒಂದು ಹಾಲ್ ಆಫ್ ಫೇಮ್. ನ್ಯಾಷನಲ್ ಫುಟ್‌ಬಾಲ್ ಫೌಂಡೇಷನ್ ಎಂಬ ಸಂಸ್ಥೆ 1951ರಲ್ಲಿ ಇದಕ್ಕೆ ಮೊದಲ ಹೆಸರುಗಳನ್ನು ಆರಿಸಿತು. ಕಟ್ಟಡ ಮಾತ್ರ ಊರೂರು ಅಲೆಯಿತು. 1978ರಲ್ಲಿ ಒಹಾಯೊ ರಾಜ್ಯದಲ್ಲಿ, 1995ರಲ್ಲಿ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ, 2014ರಿಂದ ಅಟ್ಲಾಂಟಾ ನಗರದಲ್ಲಿ. ಕಾಲೇಜು ಫುಟ್‌ಬಾಲ್ ಆಡಿದವರ ಒಟ್ಟು ಸಂಖ್ಯೆ 50 ಲಕ್ಷವನ್ನು ಮೀರುತ್ತದೆ. ಅವರಲ್ಲಿ ಹತ್ತು ಸಾವಿರಕ್ಕೆ ಇಬ್ಬರಂತೆ ಮಾತ್ರ ಈ ಮಂದಿರ ಸೇರಿದ್ದಾರೆ.

ಬಾಗಿಲಿನ ಬೀಗದ ಕೈ

ಯಾರು ಒಳಗೆ ಹೋಗಬಹುದು ಎಂಬುದಕ್ಕೆ ನಿಯಮಗಳಿವೆ. ಆಟಗಾರ ಕಾಲೇಜು ಬಿಟ್ಟು ಹತ್ತು ವರ್ಷ ಕಳೆದಿರಬೇಕು. ಆತ ಆಡಿದ ಕೊನೆಯ ವರ್ಷ ಕಳೆದ 50 ವರ್ಷಗಳೊಳಗೆ ಇರಬೇಕು. ಅದಕ್ಕೂ ಹಿಂದಿನವರ ವಿಷಯವನ್ನು ಪ್ರತ್ಯೇಕ ಸಮಿತಿ ನೋಡುತ್ತದೆ. ವೃತ್ತಿಪರ ಆಟ ಇನ್ನೂ ಆಡುತ್ತಿರಬಾರದು. ಕಾಲೇಜು ಮೈದಾನದ ಸಾಧನೆಯೇ ಮುಖ್ಯ, ಆದರೆ ಆಟ ಬಿಟ್ಟ ಮೇಲೆ ನಾಗರಿಕನಾಗಿ ಹೇಗೆ ಬಾಳಿದ ಎಂಬುದನ್ನೂ ತೂಗಿ ನೋಡಲಾಗುವುದು ಎಂಬ ಮಾತೂ ನಿಯಮದಲ್ಲಿದೆ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಎಲ್ಲಕ್ಕಿಂತ ಬಿಗಿಯಾದ ನಿಯಮ ಇನ್ನೊಂದು. ಆಟಗಾರ ತನ್ನ ಕಾಲದಲ್ಲಿ ಒಮ್ಮೆಯಾದರೂ 'ಆಲ್-ಅಮೆರಿಕ' ಮೊದಲ ತಂಡಕ್ಕೆ ಆಯ್ಕೆಯಾಗಿರಬೇಕು. ಇದು ನಿಜವಾಗಿ ಮೈದಾನಕ್ಕಿಳಿದು ಆಡುವ ತಂಡವಲ್ಲ. ಪ್ರತಿ ವರ್ಷದ ಕೊನೆಗೆ ಪತ್ರಿಕೆಗಳು, ಸುದ್ದಿಸಂಸ್ಥೆಗಳು, ತರಬೇತುದಾರರ ಸಂಘ ಮುಂತಾದವರು ಪ್ರಕಟಿಸುವ, ಒಂದೊಂದು ಸ್ಥಾನಕ್ಕೂ ದೇಶದ ಅತ್ಯುತ್ತಮ ಆಟಗಾರನನ್ನು ಹೆಸರಿಸುವ ಕಾಗದದ ಮೇಲಿನ ತಂಡ. ಅಂಥ ಪಟ್ಟಿ ಒಂದರಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಇರುವುದು ಒಂದೇ ಜಾಗ. ಎರಡನೆಯ ಉತ್ತಮ ಎನಿಸಿಕೊಂಡವನಿಗೆ ಮಂದಿರದ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆಯೇ.

ಈ ಪಟ್ಟಿಗಳ ಪದ್ಧತಿ ಶುರುವಾದದ್ದು 1889ರಲ್ಲಿ. ಅಮೆರಿಕನ್ ಫುಟ್‌ಬಾಲಿನ ಪಿತಾಮಹ ಎನಿಸಿದ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಹೆಸರು ಇದರೊಂದಿಗೆ ಬೆಸೆದುಕೊಂಡಿದೆ. ಮೊದಲ ವರ್ಷದ 11 ಮಂದಿಯೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಎಂಬ ಮೂರೇ ಸಂಸ್ಥೆಗಳವರು! ದೇಶದ ಉಳಿದ ಭಾಗದಲ್ಲಿ ಆಟಗಾರರೇ ಇರಲಿಲ್ಲವೆಂದೇನಲ್ಲ. ಟೆಲಿವಿಷನ್ ಇಲ್ಲದ ಕಾಲ. ಆಯ್ಕೆ ಮಾಡುವವರು ಪೂರ್ವ ಕರಾವಳಿಯಲ್ಲಿದ್ದರು, ಅವರ ಕಣ್ಣೆದುರಿಗೆ ಆಡಿದವರು ಪಟ್ಟಿ ಸೇರಿದರು. ಕಾಣದ್ದನ್ನು ಬರೆಯುವುದು ಹೇಗೆ? ಹೀಗೆ ಪತ್ರಿಕೆಯವರ ಕಣ್ಣಿಗೆ ಬಿದ್ದದ್ದು ಪಟ್ಟಿಯಾಯಿತು, ಪಟ್ಟಿ ಮುಂದೆ ಮಂದಿರದ ಬೀಗದ ಕೈಯಾಯಿತು.

ಹಿತ್ತಲ ಗಿಡ

ಈ ನಿಯಮದ ಬಿಗಿ ಎಷ್ಟೆಂಬುದಕ್ಕೆ ಜೋ ಮೊಂಟಾನಾ ಒಳ್ಳೆಯ ಉದಾಹರಣೆ. ಸೌತ್ ಬೆಂಡ್‌ನ ಪಕ್ಕದಲ್ಲೇ ಇರುವ ನೋತ್ರ್ ಡಾಮ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆತ. 1977ರಲ್ಲಿ ಆತನ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. 1979ರ ಜನವರಿ 1ರಂದು ಡಲ್ಲಾಸ್‌ನಲ್ಲಿ, ಮೈ ಕೊರೆಯುವ ಚಳಿಯಲ್ಲಿ ನಡೆದ ಕಾಟನ್ ಬೌಲ್ ಪಂದ್ಯವನ್ನು ಅಲ್ಲಿನ ಜನ ಇಂದಿಗೂ ಕಥೆಯಂತೆ ಹೇಳುತ್ತಾರೆ. ಜ್ವರದಿಂದ ಬಳಲುತ್ತಿದ್ದ ಮೊಂಟಾನಾನ ದೇಹದ ಉಷ್ಣತೆ ಅಪಾಯದ ಮಟ್ಟಕ್ಕೆ ಕುಸಿಯಿತು. ಆತನನ್ನು ಒಳಗೆ ಕರೆದೊಯ್ದು ಕಂಬಳಿ ಹೊದಿಸಿ ಬಿಸಿ ಬಿಸಿ ಕೋಳಿ ಸೂಪು ಕುಡಿಸಿದರು. ಆತ ಮರಳಿ ಬಂದು ಆಡಿದ. ಪಂದ್ಯ ಮುಗಿಯಲು ಎಂಟು ನಿಮಿಷವೂ ಉಳಿದಿರದಿದ್ದಾಗ ತಂಡ 12-34ರಿಂದ ಹಿಂದಿತ್ತು. ಪಂದ್ಯ ಮುಗಿದಾಗ ನೋತ್ರ್ ಡಾಮ್ 35-34ರಿಂದ ಗೆದ್ದಿತ್ತು!

ಆದರೆ ಮೊಂಟಾನಾ ಆಲ್-ಅಮೆರಿಕ ಮೊದಲ ತಂಡದಲ್ಲಿ ಎಂದೂ ಇರಲಿಲ್ಲ. ಮುಂದೆ ನಾಲ್ಕು ಸೂಪರ್ ಬೌಲ್ ಗೆದ್ದು, 2000ದಲ್ಲಿ ವೃತ್ತಿಪರ ಹಾಲ್ ಆಫ್ ಫೇಮ್ ಸೇರಿದರೂ ಕಾಲೇಜಿನ ಮಂದಿರಕ್ಕೆ ಆತನಿಗೆ ಪ್ರವೇಶವಿಲ್ಲ. ತಮಾಷೆಯೆಂದರೆ 1995ರಿಂದ ಹಲವು ವರ್ಷ ಆ ಮಂದಿರ ಇದ್ದದ್ದು ಆತ ಆಡಿ ಬೆಳೆದ ಸೌತ್ ಬೆಂಡ್‌ನಲ್ಲೇ. ಹಿತ್ತಲ ಗಿಡ ಮದ್ದಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮೊಂಟಾನಾ ಒಬ್ಬನೇ ಅಲ್ಲ. ಲೂಯಿವಿಲ್‌ನಲ್ಲಿ ಆಡಿದ ಜಾನಿ ಯುನೈಟಸ್, ಮಿಷಿಗನ್‌ನಲ್ಲಿ ಆಡಿ ಮುಂದೆ ಏಳು ಸೂಪರ್ ಬೌಲ್ ಗೆದ್ದ ಟಾಮ್ ಬ್ರೇಡಿ ಇವರಿಗೂ ಅದೇ ಬೇಲಿ ಅಡ್ಡ. ಇದಕ್ಕೆ ಮಂದಿರದ ಪರವಾದ ಉತ್ತರವೊಂದಿದೆ, ಅದನ್ನೂ ಕೇಳಬೇಕು. ಇದು ಕಾಲೇಜಿನ ಆಟಕ್ಕೆ ಸಲ್ಲುವ ಗೌರವ. ಆಮೇಲೆ ದೊಡ್ಡವರಾದವರನ್ನು ಹಿಂದಕ್ಕೆ ಹೋಗಿ ಸೇರಿಸಿದರೆ ಕಾಲೇಜಿನಲ್ಲೇ ಮೆರೆದು, ಮುಂದೆ ಮಂಡಿ ಮುರಿದು ಮನೆ ಸೇರಿದ ಹುಡುಗನಿಗೆ ಅನ್ಯಾಯವಲ್ಲವೇ? ಮಾತು ನ್ಯಾಯವಾದದ್ದೇ. ಬ್ರೇಡಿ, ಮೊಂಟಾನಾ ಇವರಿಗೆ ಬೇರೆ ಕಿರೀಟಗಳಿವೆ, ಇದೊಂದು ಇಲ್ಲದಿದ್ದರೂ ನಷ್ಟವಿಲ್ಲ. ನಷ್ಟವಾದದ್ದು ಪಟ್ಟಿ ಬರೆಯುವವರು ತಿರುಗಿಯೂ ನೋಡದಿದ್ದ ಮೈದಾನಗಳಲ್ಲಿ ಆಡಿದವರಿಗೆ.

ಯಾರೂ ನೋಡದ ಮೈದಾನಗಳು

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 1960ರ ದಶಕದವರೆಗೂ ಹೆಚ್ಚಿನ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಕರಿಯರಿಗೆ ಜಾಗವಿರಲಿಲ್ಲ. ಅವರು ಗ್ರ್ಯಾಂಬ್ಲಿಂಗ್, ಜಾಕ್ಸನ್ ಸ್ಟೇಟ್ ಮುಂತಾದ ಕರಿಯರ ಕಾಲೇಜುಗಳಲ್ಲಿ ಆಡುತ್ತಿದ್ದರು. ಅಲ್ಲಿನ ಪಂದ್ಯಗಳನ್ನು ಕರಿಯರ ಪತ್ರಿಕೆಗಳು ವರದಿ ಮಾಡುತ್ತಿದ್ದವು, ತಮ್ಮದೇ ಆಲ್-ಅಮೆರಿಕ ಪಟ್ಟಿಗಳನ್ನೂ ಪ್ರಕಟಿಸುತ್ತಿದ್ದವು. ಆದರೆ ಬೀಗದ ಕೈ ಇದ್ದದ್ದು ದೊಡ್ಡ ಪತ್ರಿಕೆಗಳ ಪಟ್ಟಿಗಳಲ್ಲಿ.

ಪರಿಣಾಮ ವಿಚಿತ್ರವಾದದ್ದು. ಗ್ರ್ಯಾಂಬ್ಲಿಂಗ್‌ನ ಬಕ್ ಬ್ಯುಕ್ಯಾನನ್ 1990ರಲ್ಲಿ ವೃತ್ತಿಪರ ಹಾಲ್ ಆಫ್ ಫೇಮ್ ಸೇರಿದ, 1992ರಲ್ಲಿ ತೀರಿಕೊಂಡ. ಕಾಲೇಜು ಮಂದಿರ ಆತನನ್ನು ಸೇರಿಸಿಕೊಂಡದ್ದು 1996ರಲ್ಲಿ. ಜಾಕ್ಸನ್ ಸ್ಟೇಟ್‌ನ ವಾಲ್ಟರ್ ಪೇಟನ್‌ಗೆ ವೃತ್ತಿಪರ ಗೌರವ 1993ರಲ್ಲಿ, ಕಾಲೇಜಿನ ಗೌರವ 1996ರಲ್ಲಿ. ಮೊದಲು ಆಡಿದ ಆಟಕ್ಕೆ ಮನ್ನಣೆ ಆಮೇಲೆ! ಸಣ್ಣ ವಿಭಾಗಗಳ ಕಾಲೇಜುಗಳಿಗೂ ಬಾಗಿಲು ತೆರೆದದ್ದರಿಂದ ಆ ವರ್ಷ ಇವರಿಗೆ ದಾರಿಯಾಯಿತು. 1949ರಲ್ಲಿ ಕರಿಯರ ಕಾಲೇಜಿನಿಂದ ರಾಷ್ಟ್ರೀಯ ಲೀಗ್‌ಗೆ ಹೋದ ಮೊದಲಿಗ ಎನಿಸಿದ ಗ್ರ್ಯಾಂಬ್ಲಿಂಗ್‌ನ ಟ್ಯಾಂಕ್ ಯಂಗರ್ ಮಂದಿರ ಸೇರಿದ್ದು 2000ದಲ್ಲಿ. ಕಾದು ಕಾದು ಸಾಕಾಗಿ 2009ರಲ್ಲಿ ಗ್ರ್ಯಾಂಬ್ಲಿಂಗ್‌ನ ಇಬ್ಬರು ಹಳೆಯ ಕ್ವಾರ್ಟರ್‌ಬ್ಯಾಕ್‌ಗಳಾದ ಜೇಮ್ಸ್ ಹ್ಯಾರಿಸ್ ಮತ್ತು ಡಗ್ ವಿಲಿಯಮ್ಸ್ ಕರಿಯರ ಕಾಲೇಜುಗಳ ಆಟಗಾರರಿಗೆಂದೇ ಪ್ರತ್ಯೇಕ ಹಾಲ್ ಆಫ್ ಫೇಮ್ ಕಟ್ಟಿದರು.

ಕಣ್ಣಿಗೆ ಬೀಳುವುದು ಎಷ್ಟು ಮುಖ್ಯ ಎಂಬುದಕ್ಕೆ ಜಾನಿ ಬ್ರೈಟ್‌ನ ಕಥೆ ಕೇಳಬೇಕು. ಅಯೋವಾ ರಾಜ್ಯದ ಡ್ರೇಕ್ ಎಂಬ ಸಣ್ಣ ವಿಶ್ವವಿದ್ಯಾಲಯದ ಕರಿಯ ಆಟಗಾರ ಆತ. ಓಟ, ಎಸೆತ ಎರಡೂ ಸೇರಿಸಿ ಗಳಿಸಿದ ಗಜಗಳಲ್ಲಿ 1949 ಮತ್ತು 1950ರಲ್ಲಿ ದೇಶಕ್ಕೇ ಮೊದಲಿಗ. 1951ರ ಅಕ್ಟೋಬರ್ 20ರಂದು ಒಕ್ಲಹೋಮ ಎ ಅಂಡ್ ಎಂ ತಂಡದ ವಿರುದ್ಧದ ಪಂದ್ಯದಲ್ಲಿ, ಚೆಂಡು ಆತನ ಕೈಯಲ್ಲಿ ಇಲ್ಲದಿರುವಾಗಲೂ ಎದುರಾಳಿಯೊಬ್ಬ ಆತನ ಮುಖಕ್ಕೆ ಗುದ್ದಿ ದವಡೆ ಮುರಿದ. ಬ್ರೈಟ್ ಮುರಿದ ದವಡೆಯಲ್ಲೇ ಚೆಂಡನ್ನು ದೂರಕ್ಕೆಸೆದು ತಂಡಕ್ಕೆ ಅಂಕ ತಂದುಕೊಟ್ಟ, ಆಮೇಲೆ ಮೈದಾನ ಬಿಟ್ಟ.

ಅಂದು ಡೆ ಮಾಯ್ನ್ ನಗರದ ದಿನಪತ್ರಿಕೆಯ ಇಬ್ಬರು ಛಾಯಾಗ್ರಾಹಕರು ಅಲ್ಲಿದ್ದರು. ಅವರು ತೆಗೆದ ಚಿತ್ರಗಳ ಸರಣಿ ಆ ಗುದ್ದನ್ನು ದೇಶಕ್ಕೆಲ್ಲ ತೋರಿಸಿತು, 1952ರ ಪುಲಿಟ್ಜರ್ ಪ್ರಶಸ್ತಿಯನ್ನೂ ಪಡೆಯಿತು. ಆದರೂ ಹೊಡೆದವನಿಗೆ ಶಿಕ್ಷೆಯಾಗಲಿಲ್ಲ. ಪ್ರತಿಭಟಿಸಿ ಡ್ರೇಕ್ ತಾನಿದ್ದ ಕಾಲೇಜುಗಳ ಒಕ್ಕೂಟದಿಂದಲೇ ಹೊರನಡೆಯಿತು. ವೃತ್ತಿಪರ ಲೀಗ್‌ನ ಫಿಲಡೆಲ್ಫಿಯಾ ತಂಡ ಮೊದಲ ಸುತ್ತಿನಲ್ಲೇ ಕರೆದರೂ ಬ್ರೈಟ್ ಕೆನಡಾಕ್ಕೆ ಹೋದ; ಅಲ್ಲೇ ಆಡಿ ಹೆಸರು ಮಾಡಿದ, ಎಡ್ಮಂಟನ್ ನಗರದಲ್ಲಿ ಶಾಲಾ ಮುಖ್ಯೋಪಾಧ್ಯಾಯನಾದ. ಕೆನಡಾ ಆತನನ್ನು ತನ್ನ ಹಾಲ್ ಆಫ್ ಫೇಮ್‌ಗೆ 1970ರಲ್ಲೇ ಸೇರಿಸಿಕೊಂಡಿತು. 1983ರ ಡಿಸೆಂಬರ್‌ನಲ್ಲಿ ಆತ ತೀರಿಕೊಂಡ. ತವರಿನ ಕಾಲೇಜು ಮಂದಿರದ ಬಾಗಿಲು ತೆರೆದದ್ದು 1984ರಲ್ಲಿ. ಒಕ್ಲಹೋಮದ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2005ರಲ್ಲಿ.

ಹನ್ನೊಂದನೆಯವನು

ಹಾಗಾದರೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಕೇ? ಅದೂ ಸಾಲದು. ಹಾರ್ವರ್ಡ್‌ನ ವಿಲಿಯಂ ಹೆನ್ರಿ ಲೂಯಿಸ್ 1892 ಮತ್ತು 1893ರಲ್ಲಿ ಆಲ್-ಅಮೆರಿಕ ಆದ. ಆ ಗೌರವ ಪಡೆದ ಮೊದಲ ಕರಿಯ ಆತನೇ. ಮುಂದೆ ವಕೀಲನಾಗಿ ಅಮೆರಿಕ ಸರ್ಕಾರದ ಸಹಾಯಕ ಅಟಾರ್ನಿ ಜನರಲ್ ಹುದ್ದೆಗೇರಿದ. 1949ರಲ್ಲಿ ತೀರಿಕೊಂಡ ಆತನನ್ನು ಮಂದಿರ ನೆನೆದದ್ದು 2009ರಲ್ಲಿ. ಸಿರಕ್ಯೂಸ್‌ನ ಜಿಮ್ ಬ್ರೌನ್ 1956ರ ಆಲ್-ಅಮೆರಿಕ. ಆ ವರ್ಷ ಒಂದೇ ಪಂದ್ಯದಲ್ಲಿ 43 ಅಂಕ ಗಳಿಸಿದವನು. ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಆತನಿಗೆ ಐದನೇ ಸ್ಥಾನ. ಪ್ರಶಸ್ತಿ ಸಿಕ್ಕಿದ್ದು ಆ ವರ್ಷ ಹತ್ತರಲ್ಲಿ ಎಂಟು ಪಂದ್ಯ ಸೋತ ತಂಡದ ಆಟಗಾರನಿಗೆ. ವೃತ್ತಿಪರ ಮಂದಿರ ಬ್ರೌನ್‌ನನ್ನು 1971ರಲ್ಲಿ ಕರೆಯಿತು, ಕಾಲೇಜು ಮಂದಿರ 1995ರಲ್ಲಿ.

ಅದೇ 1995ರಲ್ಲಿ ಒಳಗೆ ಬಂದ ಇನ್ನೊಂದು ಹೆಸರೇ ಪಾಲ್ ರೋಬ್ಸನ್.

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪಾದ್ರಿಯಾದ ತಂದೆಯ ಮಗ ರೋಬ್ಸನ್. 1915ರಲ್ಲಿ ವಿದ್ಯಾರ್ಥಿವೇತನ ಗೆದ್ದು ರಟ್ಗರ್ಸ್ ಸೇರಿದಾಗ ಅಲ್ಲಿ ಆತನೊಬ್ಬನೇ ಕರಿಯ ವಿದ್ಯಾರ್ಥಿ. ಫುಟ್‌ಬಾಲ್ ಅಭ್ಯಾಸದ ಮೊದಲ ದಿನವೇ ಸ್ವಂತ ತಂಡದವರೇ ಮೇಲೆ ಬಿದ್ದು ಆತನ ಮೂಗು ಮುರಿದರು. ಇನ್ನೊಂದು ದಿನ ಒಬ್ಬ ಮೊಳೆಬೂಟಿನಿಂದ ಕೈ ತುಳಿದು ಉಗುರು ಕಿತ್ತ. ರೋಬ್ಸನ್ ಆಟ ಬಿಡಲಿಲ್ಲ. 1916ರಲ್ಲಿ ದಕ್ಷಿಣದ ಕಾಲೇಜೊಂದು ಕರಿಯನಿರುವ ತಂಡದೊಂದಿಗೆ ಆಡುವುದಿಲ್ಲ ಎಂದಾಗ ರಟ್ಗರ್ಸ್ ಆತನನ್ನು ಹೊರಗೆ ಕೂರಿಸಿತು. ಮರುವರ್ಷ, ಹಳೆಯ ಆಲ್-ಅಮೆರಿಕ ಆಟಗಾರರನ್ನೇ ತುಂಬಿಕೊಂಡಿದ್ದ ನೌಕಾಪಡೆಯ ತಂಡವೊಂದನ್ನು ರಟ್ಗರ್ಸ್ 14-0ಯಿಂದ ಮಣಿಸಿತು. ಆ ಗೆಲುವಿನ ನಾಯಕ ರೋಬ್ಸನ್. 1917 ಮತ್ತು 1918, ಎರಡೂ ವರ್ಷ ಆತ ಆಲ್-ಅಮೆರಿಕ. 1918ರ ತಂಡಕ್ಕೆ ಆರಿಸಿದವರು ಸ್ವತಃ ವಾಲ್ಟರ್ ಕ್ಯಾಂಪ್. 1919ರಲ್ಲಿ ಪದವಿ ಪಡೆಯುವಾಗ ತರಗತಿಯ ಪರವಾಗಿ ಭಾಷಣ ಮಾಡಿದವನೂ ಆತನೇ.

ಆಮೇಲಿನದು ಜಗತ್ತಿಗೆ ಗೊತ್ತಿರುವ ಕಥೆ. ವೃತ್ತಿಪರ ಫುಟ್‌ಬಾಲ್ ಆಡುತ್ತಲೇ ಕೊಲಂಬಿಯಾದಲ್ಲಿ ಕಾನೂನು ಓದಿದ, ರಂಗಕ್ಕಿಳಿದ, 1930ರಲ್ಲಿ ಲಂಡನ್ನಿನಲ್ಲಿ ಒಥೆಲೊ ಆದ. ಮಿಸಿಸಿಪ್ಪಿ ನದಿಯ ಕುರಿತ ಆತನ ಹಾಡಿನಿಂದ ಪ್ರೇರಣೆ ಪಡೆದೇ ಅಸ್ಸಾಮಿನ ಭೂಪೇನ್ ಹಜಾರಿಕಾ ಬ್ರಹ್ಮಪುತ್ರೆಯ ದಂಡೆಯ ಜನರ ಹಾಡು ಕಟ್ಟಿದ್ದು. ಅದು ಹಿಂದಿಯಲ್ಲಿ ಗಂಗೆಯ ಹಾಡಾಗಿ ನಮ್ಮ ಕಿವಿಗೂ ಬಿದ್ದಿದೆ. ಆದರೆ ರೋಬ್ಸನ್ ಬರೀ ಹಾಡಲಿಲ್ಲ, ಮಾತನ್ನೂ ಆಡಿದ. ಕರಿಯರ ಹಕ್ಕಿನ ಪರವಾಗಿ, ವಸಾಹತುಗಳ ಸ್ವಾತಂತ್ರ್ಯದ ಪರವಾಗಿ, ಸೋವಿಯತ್ ಒಕ್ಕೂಟದ ಪರವಾಗಿ. ಶೀತಲ ಸಮರದ ದಿನಗಳಲ್ಲಿ ಈ ಕೊನೆಯದನ್ನು ಅಮೆರಿಕ ಸಹಿಸಲಿಲ್ಲ. 1950ರಲ್ಲಿ ಆತನ ಪಾಸ್‌ಪೋರ್ಟ್ ಕಿತ್ತುಕೊಂಡರು, ಎಂಟು ವರ್ಷ ಕೊಡಲಿಲ್ಲ. ಸಭಾಂಗಣಗಳ ಬಾಗಿಲು ಮುಚ್ಚಿದವು. 1918ರ ತಂಡ ಹತ್ತು ಮಂದಿಯದಾದದ್ದು ಇದೇ ಕಾಲದಲ್ಲಿ.

1958ರಲ್ಲಿ ರೋಬ್ಸನ್‌ಗೆ 60 ತುಂಬಿದಾಗ ಭಾರತದಲ್ಲಿ ಹುಟ್ಟುಹಬ್ಬದ ಸಮಾರಂಭ ನಡೆಯಿತು. ಪ್ರಧಾನಿ ನೆಹರೂ ಅದನ್ನು ಬೆಂಬಲಿಸಿ ಹೇಳಿಕೆಯನ್ನೇ ಕೊಟ್ಟರು. ಅಮೆರಿಕದ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ದೂರದ ದೇಶವೊಂದು ಕೊಂಡಾಡಿದವನನ್ನು ತವರಿನ ಮಂದಿರ ಕರೆಯಲಿಲ್ಲ.

ಬಣ್ಣವೊಂದೇ ಇದಕ್ಕೆ ಕಾರಣ ಎನ್ನಲಾಗದು. ಅಯೋವಾದ ಡ್ಯೂಕ್ ಸ್ಲೇಟರ್ ಎಂಬ ಕರಿಯ ಆಟಗಾರ 1951ರ ಮೊದಲ ಸಾಲಿನಲ್ಲೇ ಮಂದಿರ ಸೇರಿದ್ದ, ಫ್ರಿಟ್ಜ್ ಪೊಲಾರ್ಡ್ 1954ರಲ್ಲಿ. ಹಾಗಾಗಿ ನಿಯಮದ ಆ ಇನ್ನೊಂದು ಮಾತಿನ ಕಡೆಗೇ, ನಾಗರಿಕನಾಗಿ ಬಾಳಿದ ಬಗೆಯನ್ನು ತೂಗುವ ಮಾತಿನ ಕಡೆಗೇ ಬೆರಳು ಹೋಗುತ್ತದೆ. ತೂಕ ಹಾಕುವವರು ಯಾರು, ತಕ್ಕಡಿ ಯಾರದು? ಒಂದು ಕಾಲದ ಸರ್ಕಾರಕ್ಕೆ ದ್ರೋಹವಾಗಿ ಕಂಡದ್ದು ಮುಂದಿನ ತಲೆಮಾರಿಗೆ ಧೈರ್ಯವಾಗಿ ಕಾಣಬಹುದು. ಮೈದಾನದಲ್ಲಿ ಓಡಿದ ಗಜಗಳು ಮಾತ್ರ ಆಗಲೂ ಅಷ್ಟೇ, ಈಗಲೂ ಅಷ್ಟೇ. ರೋಬ್ಸನ್ 1976ರ ಜನವರಿ 23ರಂದು ಫಿಲಡೆಲ್ಫಿಯಾದಲ್ಲಿ ಕಣ್ಣು ಮುಚ್ಚಿದ. ಮಂದಿರದ ಬಾಗಿಲು ತೆರೆದದ್ದು ಅದಾಗಿ 19 ವರ್ಷಕ್ಕೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಿದೆ. ಇಲ್ಲಿ ಅತಿಥಿ ಹೊರಟುಹೋದ ಮೇಲೆ ಬಾಗಿಲು ತೆರೆದರು.

ನಿಯಮ ಬದಲಾಗದೇ?

ಬದಲಾಗುತ್ತದೆ, ಮನಸ್ಸಿದ್ದರೆ. ತರಬೇತುದಾರರಿಗೆ ಈ ಮಂದಿರದಲ್ಲಿ ಬೇರೆ ನಿಯಮವಿತ್ತು: ನೂರು ಪಂದ್ಯಕ್ಕೆ ಕನಿಷ್ಠ 60ರ ಲೆಕ್ಕದಲ್ಲಿ ಗೆದ್ದಿರಬೇಕಿತ್ತು. ಆಟದ ರೀತಿಯನ್ನೇ ಬದಲಿಸಿದವನೆಂದು ಹೆಸರಾದ ಮೈಕ್ ಲೀಚ್ 2022ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಆತನ ಲೆಕ್ಕ 158 ಗೆಲುವು, 107 ಸೋಲು. ಅಂದರೆ ನೂರಕ್ಕೆ 59.6. ಕೂದಲೆಳೆಯ ಅಂತರದಲ್ಲಿ ಆತ ಹೊರಗುಳಿದ. ಜನ ಸುಮ್ಮನಿರಲಿಲ್ಲ, ಪತ್ರಿಕೆಗಳು ಬರೆದವು. 2025ರಲ್ಲಿ ಫೌಂಡೇಷನ್ ಆ ಗೆರೆಯನ್ನು 59.5ಕ್ಕೆ ಇಳಿಸಿ, 2027ರಿಂದ ಅನ್ವಯವಾಗುವಂತೆ ಮಾಡಿತು. ಹಾಗಿದ್ದರೆ ಆಟಗಾರರ ಮೇಲಿನ ಆಲ್-ಅಮೆರಿಕ ಬೇಲಿಯನ್ನು, ಕನಿಷ್ಠ ಪಟ್ಟಿಗಳೇ ಕುರುಡಾಗಿದ್ದ ಕಾಲದವರ ಮಟ್ಟಿಗಾದರೂ, ಸಡಿಲಿಸಲು ಅಡ್ಡಿಯೇನು? ದೊಡ್ಡ ಪತ್ರಿಕೆಗಳು ನೋಡದಿದ್ದರೂ ಕರಿಯರ ಪತ್ರಿಕೆಗಳು ನೋಡಿದ್ದವು. ಆ ಹಳೆಯ ಪುಟಗಳನ್ನೂ ಸಾಕ್ಷಿಯೆಂದು ಒಪ್ಪಿಕೊಂಡರೆ ಅರ್ಧ ಕೆಲಸ ಆದಂತೆ.

ಇನ್ನೊಂದು ಮಾತು. ಮಂದಿರ ಕಡೆಗಣಿಸಿದವರನ್ನು ಊರು ಕೆಲವೊಮ್ಮೆ ತಾನೇ ನೆನೆಯುತ್ತದೆ. ಅಯೋವಾ ಸ್ಟೇಟ್ ಕಾಲೇಜಿನ ಮೊದಲ ಕರಿಯ ಆಟಗಾರ ಜ್ಯಾಕ್ ಟ್ರೈಸ್ 1923ರ ಅಕ್ಟೋಬರ್‌ನಲ್ಲಿ ಪಂದ್ಯವೊಂದರಲ್ಲಿ ಆದ ಗಾಯಗಳಿಂದ ಎರಡೇ ದಿನದಲ್ಲಿ ಸತ್ತ. ಯಾವ ಪಟ್ಟಿಯಲ್ಲೂ ಸೇರುವಷ್ಟು ಆಡಲು ಆತನಿಗೆ ಆಯುಷ್ಯವೇ ಇರಲಿಲ್ಲ. ವಿದ್ಯಾರ್ಥಿಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 1997ರಲ್ಲಿ ಅಲ್ಲಿನ ಇಡೀ ಕ್ರೀಡಾಂಗಣಕ್ಕೆ ಆತನ ಹೆಸರಿಟ್ಟರು. ಡ್ರೇಕ್‌ನ ಮೈದಾನಕ್ಕೆ 2006ರಿಂದ ಜಾನಿ ಬ್ರೈಟ್ ಹೆಸರಿದೆ. ರಟ್ಗರ್ಸ್‌ನಲ್ಲಿ 2019ರಲ್ಲಿ ರೋಬ್ಸನ್ ಹೆಸರಿನ ಚೌಕವೊಂದು ತಲೆಯೆತ್ತಿತು.

ಆದರೆ ಲೂಯಿಸ್, ಬ್ರೈಟ್, ಬ್ಯುಕ್ಯಾನನ್, ರೋಬ್ಸನ್ ಈ ನಾಲ್ವರಲ್ಲಿ ಒಬ್ಬರೂ ಮಂದಿರದ ಕರೆ ಬಂದಾಗ ಬದುಕಿರಲಿಲ್ಲ. ಗೌರವ ಸಲ್ಲಿಸುವ ಕೆಲಸಕ್ಕೂ ಒಂದು ಕಾಲವಿದೆ. ಅದು ಮೀರಿದ ಮೇಲೆ ಕೊಡುವ ಪದಕ ಸತ್ತವರನ್ನು ತಲುಪುವುದಿಲ್ಲ; ಅದರಿಂದ ಸರಿಯಾಗುವುದು ಕೊಟ್ಟವರ ದಾಖಲೆ ಮಾತ್ರ. ಅದೂ ಬೇಕಾದದ್ದೇ. 1918ರ ತಂಡವನ್ನು ಇವತ್ತು ಎಣಿಸಿದರೆ ಹನ್ನೊಂದು ಹೆಸರಿವೆ.